ಬಿಗ್ ಟೆನ್ ಫುಟ್‌ಬಾಲ್ ಚಂದಾ: ಎರಡು ಸೀಸನ್ ಹಣ ಕಟ್ಟಿ ನೋಡಿದ ಮೇಲೆ

2024ರ ಸೆಪ್ಟೆಂಬರ್ 14ರ ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಸಿಯಾಟಲ್ ಮನೆಯಲ್ಲಿ ಎರಡು ಪರದೆಗಳು ಒಟ್ಟಿಗೆ ಬೆಳಗುತ್ತಿದ್ದವು. ಗೋಡೆಯ ಟಿ.ವಿ.ಯಲ್ಲಿ ಫಾಕ್ಸ್ ವಾಹಿನಿ ಒರೆಗಾನ್ ಮತ್ತು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ) ಪಂದ್ಯವನ್ನು ತೋರಿಸುತ್ತಿತ್ತು. ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ನಡುವಿನ ಆ್ಯಪಲ್ ಕಪ್ ನಡೆದಿತ್ತು. ಅದು ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟಿದವರಿಗೆ ಮಾತ್ರ ಮೀಸಲಾಗಿತ್ತು. ಮೊದಲನೆಯ ಜೋಡಿ 1894ರಿಂದ, ಎರಡನೆಯದು 1900ರಿಂದ ಎದುರುಬದುರಾಗುತ್ತ ಬಂದಿವೆ. ಸಾಮಾನ್ಯವಾಗಿ ನವೆಂಬರ್ ಕೊನೆಯ ಚಳಿಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ, ವರ್ಷದ ಲೆಕ್ಕವನ್ನೆಲ್ಲ ಚುಕ್ತಾ ಮಾಡಿಕೊಳ್ಳುವಂತೆ ನಡೆಯುತ್ತಿದ್ದ ಈ ಎರಡು ಪಂದ್ಯಗಳು ಆ ವರ್ಷ ಬೇಸಗೆ ಮುಗಿಯುವ ಮೊದಲೇ, ಒಂದೇ ದಿನ ಒಂದೇ ಗಳಿಗೆಯಲ್ಲಿ ಆರಂಭವಾಗಿದ್ದವು. ನನ್ನ ಹೆಂಡತಿ ಓದಿದ್ದು ವಾಷಿಂಗ್ಟನ್ನಿನಲ್ಲಿ, ನಾನು ಓದಿದ್ದು ರಾಜ್ಯದ ಇನ್ನೊಂದು ತುದಿಯಲ್ಲಿ, ಗೋಧಿ ಹೊಲಗಳ ನಡುವಿನ ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟಿನಲ್ಲಿ. ಅವಳು ನೇರಳೆ ಬಣ್ಣದ ಅಂಗಿ ತೊಟ್ಟು, ನಾನು ಕಡುಗೆಂಪು ತೊಟ್ಟು ಕುಳಿತಿದ್ದೆವು. ಹಳೆಯ ಸಂಪ್ರದಾಯಗಳಲ್ಲಿ ಉಳಿದಿದ್ದುದು ಬಹುಶಃ ಅದೊಂದೇ.

ಇಲ್ಲಿ ನಾನು ವಿಮರ್ಶಿಸಹೊರಟಿರುವ ಸರಕು, ಹದಿನೆಂಟು ತಂಡಗಳಾಗಿ ಬೆಳೆದ ಬಿಗ್ ಟೆನ್ ಕಾನ್ಫರೆನ್ಸಿನ ಫುಟ್‌ಬಾಲ್ ಸೀಸನ್. 2024 ಮತ್ತು 2025ರಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಾನು ಇದನ್ನು ಕೈಯಿಂದ ಹಣ ಕೊಟ್ಟು ನೋಡಿದ್ದೇನೆ. ಪಂದ್ಯಗಳು ಬೇರೆ ಬೇರೆ ವಾಹಿನಿಗಳಲ್ಲಿ ಚದುರಿರುವುದರಿಂದ ಇದನ್ನು ಒಂದೇ ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ. ಮೊದಲ ವರ್ಷ ನಾನು ಎಲ್ಲ ವಾಹಿನಿಗಳೂ ಇರುವ ಇಂಟರ್‌ನೆಟ್ ಟಿ.ವಿ. ಪ್ಯಾಕೇಜೊಂದಕ್ಕೆ ತಿಂಗಳಿಗೆ ಎಪ್ಪತ್ತಕ್ಕೂ ಹೆಚ್ಚು ಡಾಲರ್ ಕಟ್ಟಿದೆ. ಪೀಕಾಕಿಗೆ ಬೇರೆಯಾಗಿ 7.99 ಡಾಲರ್. ನಾಲ್ಕು ತಿಂಗಳಿಗೆ ಮುನ್ನೂರು ಡಾಲರ್ ದಾಟಿತು. ಈ ದುಡ್ಡು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯದೆ ಇದರ ಗುಣದೋಷ ಹೇಳುವುದು ಕಷ್ಟ, ಏಕೆಂದರೆ ಸರಕಿನ ಆಕಾರವನ್ನೇ ಆ ದಾರಿ ತೀರ್ಮಾನಿಸಿದೆ.

ಹೊಸಬರಿಗೆ ಒಂದು ಮಾತು. ಅಮೆರಿಕದ ವಿಶ್ವವಿದ್ಯಾಲಯಗಳು ಆಟದ ಮಟ್ಟಿಗೆ ಗುಂಪು ಕಟ್ಟಿಕೊಂಡಿರುತ್ತವೆ. ಆ ಗುಂಪೇ ಕಾನ್ಫರೆನ್ಸ್. ರೈಲಿನಲ್ಲಿ ಹೋಗಿ ಆಡಿ ಬರುವಷ್ಟು ಹತ್ತಿರದ ಕಾಲೇಜುಗಳು ಸೇರಿ ನಿಯಮ, ವೇಳಾಪಟ್ಟಿ, ಪ್ರಶಸ್ತಿಗಳನ್ನು ಗೊತ್ತುಮಾಡಿಕೊಂಡ ಒಕ್ಕೂಟಗಳಾಗಿ ಇವು ಹುಟ್ಟಿದವು. ಬಿಗ್ ಟೆನ್ 1896ರಲ್ಲಿ ಷಿಕಾಗೋದಲ್ಲಿ, ಪಶ್ಚಿಮ ಕರಾವಳಿಯ ಕಾನ್ಫರೆನ್ಸಾದ ಪ್ಯಾಕ್-12ರ ಪೂರ್ವಜ ಸಂಸ್ಥೆ 1915ರಲ್ಲಿ ಪೋರ್ಟ್‌ಲೆಂಡಿನಲ್ಲಿ. ಇಂದು ಕಾನ್ಫರೆನ್ಸಿನ ಮುಖ್ಯ ಕೆಲಸ ಸದಸ್ಯರೆಲ್ಲರ ಪಂದ್ಯಗಳ ಪ್ರಸಾರ ಹಕ್ಕನ್ನು ಒಟ್ಟು ಕಟ್ಟಿ ಮಾರುವುದು ಮತ್ತು ಬಂದ ಹಣವನ್ನು ಹಂಚುವುದು. ಹೆಸರುಗಳು ಮಾತ್ರ ಹಳೆಯವೇ ಉಳಿದಿವೆ: ಬಿಗ್ ಟೆನ್ನಿನಲ್ಲಿ 18 ತಂಡ, ಬಿಗ್ 12ರಲ್ಲಿ 16.

ಮೊದಲು ಸರಕಿನ ಗುಣ ಹೇಳಿಬಿಡುತ್ತೇನೆ, ಅದನ್ನು ಮುಚ್ಚಿಡುವುದು ಅನ್ಯಾಯವಾಗುತ್ತದೆ. 2024ರ ಅಕ್ಟೋಬರ್ 12ರ ಶನಿವಾರವನ್ನೇ ನೋಡಿ. ಬೆಳಿಗ್ಗೆ 9ಕ್ಕೆ ಫಾಕ್ಸಿನಲ್ಲಿ ವಾಷಿಂಗ್ಟನ್ ತಂಡ ಅಯೋವಾದ ನೆಲದಲ್ಲಿ ಆಡಿತು. ಮಧ್ಯಾಹ್ನ ಹನ್ನೆರಡೂವರೆಗೆ ಸಿ.ಬಿ.ಎಸ್.ನಲ್ಲಿ ಪೆನ್ ಸ್ಟೇಟ್ ತಂಡ ಲಾಸ್ ಏಂಜಲೀಸಿಗೆ ಬಂದು ಯು.ಎಸ್.ಸಿ.ಯನ್ನು ಹೆಚ್ಚುವರಿ ಅವಧಿಯಲ್ಲಿ 33-30ರಿಂದ ಸೋಲಿಸಿತು. ಸಂಜೆ ನಾಲ್ಕೂವರೆಗೆ ಎನ್.ಬಿ.ಸಿ.ಯಲ್ಲಿ ಒಹಾಯೊ ಸ್ಟೇಟ್ ತಂಡ ಒರೆಗಾನ್ ವಿರುದ್ಧ ಯೂಜೀನ್ ಊರಿನ ಆಟ್ಜನ್ ಕ್ರೀಡಾಂಗಣಕ್ಕೆ ಇಳಿಯಿತು. ಮೂರೂ ಬಿಗ್ ಟೆನ್ನಿನ ಪಂದ್ಯಗಳು, ಮೂರರಲ್ಲೂ ಒಂದು ಪಕ್ಷ ಹಿಂದಿನ ವರ್ಷದವರೆಗೂ ಪ್ಯಾಕ್-12ರಲ್ಲಿ ಆಡುತ್ತಿದ್ದ ತಂಡ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುವಂತೆ ಹೊಂದಿಸಿದ ಈ ಸರಪಣಿ ಯಾರೋ ಕಾಕತಾಳೀಯವಾಗಿ ಕಟ್ಟಿದ್ದಲ್ಲ. 2022ರ ಆಗಸ್ಟಿನಲ್ಲಿ ಬಿಗ್ ಟೆನ್ ಈ ಮೂರು ವಾಹಿನಿಗಳ ಜೊತೆ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಮೇಲ್ಪಟ್ಟ ಒಪ್ಪಂದ ಮಾಡಿಕೊಂಡಾಗ ಮಾರಿದ್ದು ಈ ಮೂರು ಕಿಟಕಿಗಳನ್ನೇ: ಪೂರ್ವ ಕರಾವಳಿಯ ಗಡಿಯಾರದ ಪ್ರಕಾರ ನಡುಹಗಲು ಫಾಕ್ಸಿಗೆ, ಮೂರೂವರೆ ಸಿ.ಬಿ.ಎಸ್.ಗೆ, ರಾತ್ರಿ ಎನ್.ಬಿ.ಸಿ.ಗೆ.

ಆ ರಾತ್ರಿಯ ಒರೆಗಾನ್-ಒಹಾಯೊ ಸ್ಟೇಟ್ ಪಂದ್ಯದ ಕೊನೆಯ ಹತ್ತು ಸೆಕೆಂಡುಗಳನ್ನು ನಾನು ಎಷ್ಟು ಸಲ ಮರಳಿ ನೋಡಿದೆನೋ ಲೆಕ್ಕವಿಲ್ಲ. ಒರೆಗಾನ್ 32-31ರಿಂದ ಮುಂದಿತ್ತು, ಚೆಂಡು ಒಹಾಯೊ ಸ್ಟೇಟ್ ಕೈಯಲ್ಲಿತ್ತು. ಹನ್ನೊಂದು ಜನ ಇರಬೇಕಾದ ಕಡೆ ಒರೆಗಾನ್ ಹನ್ನೆರಡು ಜನರನ್ನು ಇಳಿಸಿತು. ಪಾಸ್ ಬಿದ್ದುಹೋಯಿತು, ಪಂಚರ ಧ್ವಜ ಹಾರಿತು, ಐದು ಗಜದ ದಂಡ ಬಿತ್ತು; ಆದರೆ ಗಡಿಯಾರದಲ್ಲಿ ನಾಲ್ಕು ಸೆಕೆಂಡು ಆಗಲೇ ಕರಗಿಹೋಗಿತ್ತು, ಅದನ್ನು ಯಾರೂ ವಾಪಸು ಕೊಡಲಿಲ್ಲ. ಉಳಿದ ಆರು ಸೆಕೆಂಡಿನಲ್ಲಿ ಒಹಾಯೊದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಓಡಿ ಜಾರಿ ಕುಳಿತುಕೊಳ್ಳುವ ಹೊತ್ತಿಗೆ ಸಮಯ ಮುಗಿದಿತ್ತು. ಮರುವಾರ ಆಟದ ಆಡಳಿತದವರು ನಿಯಮದ ಆ ಸಂದಿಯನ್ನು ಮುಚ್ಚಿದರು. ಕ್ಯಾಮೆರಾ ಮೇಲಿನಿಂದ ತೋರಿಸಿದ ಚಿತ್ರದಲ್ಲಿ ತಲೆ ಎಣಿಸುತ್ತ, ಹತ್ತು, ಹನ್ನೊಂದು, ಹನ್ನೆರಡು ಎಂದು ಬೆರಳು ಮಡಚಿದ ಆ ಕ್ಷಣಕ್ಕೆ ನಾಲ್ಕು ತಿಂಗಳ ಚಂದಾದ ಅರ್ಧ ಹಣ ಸಂದಿತು ಎಂದು ನನ್ನ ಭಾವನೆ. ಹಳೆಯ ವ್ಯವಸ್ಥೆಯಲ್ಲಿ ಈ ಎರಡು ತಂಡಗಳು ಎದುರಾಗಬೇಕಾದರೆ ಎರಡೂ ಕಾನ್ಫರೆನ್ಸುಗಳಲ್ಲಿ ಗೆದ್ದ ತಂಡಗಳು ಆಡುತ್ತಿದ್ದ ರೋಸ್ ಬೌಲ್ ಪಂದ್ಯದ ಯೋಗ ಕೂಡಿಬರಬೇಕಿತ್ತು, ಇಲ್ಲವೇ ವರ್ಷಗಳ ಮೊದಲೇ ಪ್ರತ್ಯೇಕ ಒಪ್ಪಂದವಾಗಿರಬೇಕಿತ್ತು.

ಅದೇ ದಿನ ಬೆಳಗಿನ ಪಂದ್ಯದ ಕಥೆ ಬೇರೆ. ಅಯೋವಾದಲ್ಲಿ ವಾಷಿಂಗ್ಟನ್ 40-16ರಿಂದ ಸೋತಿತು. ನನ್ನ ಹೆಂಡತಿ ಮೊದಲ ಕಾಫಿ ಮುಗಿಸುವ ಮುಂಚೆ ಆಟ ಶುರುವಾಗಿತ್ತು. ಆಟಗಾರರ ದೇಹಕ್ಕೂ ಅದು ಬೆಳಗಿನ ಒಂಬತ್ತು ಗಂಟೆಯೇ. ಅದಕ್ಕೂ ಎರಡು ವಾರ ಮೊದಲು, ಶುಕ್ರವಾರ ರಾತ್ರಿ, ಇದೇ ತಂಡ 3,800 ಕಿ.ಮೀ.ಗೂ ಹೆಚ್ಚು ಹಾರಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 21-18ರಿಂದ ಸೋತು ಬಂದಿತ್ತು. ಸೋಲಿಗೆ ಪ್ರಯಾಣವೊಂದೇ ಕಾರಣ ಎಂದು ನಾನು ಹೇಳಲಾರೆ, ಆಡಿದ ರೀತಿಯಲ್ಲೂ ಐಬಿತ್ತು. ಆದರೆ ರಟ್ಗರ್ಸ್ ವಿರುದ್ಧದ ಪಂದ್ಯಕ್ಕೆ ಸಿಯಾಟಲಿನ ಮನೆಯಲ್ಲಿ ಕುಳಿತವನ ಎದೆ ಯಾಕೆ ಹೊಡೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಎರಡು ಸೀಸನ್ ಕಳೆದರೂ ನನಗೆ ಉತ್ತರ ಸಿಕ್ಕಿಲ್ಲ.

ರಟ್ಗರ್ಸ್ ಈ ಕೂಟದಲ್ಲಿ ಇರುವುದಾದರೂ ಏಕೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1984ರವರೆಗೆ ಕಾಲೇಜು ಫುಟ್‌ಬಾಲನ್ನು ಟಿ.ವಿ.ಗೆ ಮಾರುವ ಅಧಿಕಾರ ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಒಂದು ತಂಡ ಎಷ್ಟು ಸಲ ಪರದೆಯ ಮೇಲೆ ಬರಬಹುದೆಂಬುದಕ್ಕೂ ಅದು ಮಿತಿ ಹಾಕಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 7-2ರ ತೀರ್ಪಿನಲ್ಲಿ ಗೆದ್ದವು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕೊಲರಾಡೊದ ಹೆಸರಾಂತ ಕಾಲೇಜು ಆಟಗಾರರಾಗಿದ್ದವರು ಎಂಬುದು ನನಗೆ ಯಾವಾಗಲೂ ಸ್ವಾರಸ್ಯವೆನಿಸುತ್ತದೆ. ಆ ತೀರ್ಪಿನಿಂದ ಹಕ್ಕು ವಿಶ್ವವಿದ್ಯಾಲಯಗಳಿಗೆ ಬಂತು. ಒಂಟಿಯಾಗಿ ಮಾರುವುದಕ್ಕಿಂತ ಗುಂಪಾಗಿ ಮಾರಿದರೆ ಬೆಲೆ ಹೆಚ್ಚು ಎಂಬುದು ಬೇಗನೆ ಅರಿವಾಯಿತು. ಗುಂಪು ದೊಡ್ಡದಾದಷ್ಟೂ ಬೆಲೆ ಏರುತ್ತದೆಯೇ ಎಂಬ ಪ್ರಯೋಗ ಅಂದಿನಿಂದ ನಿಂತೇ ಇಲ್ಲ.

ಬಿಗ್ ಟೆನ್ 2007ರ ಆಗಸ್ಟ್ 30ರಂದು ತನ್ನದೇ ವಾಹಿನಿಯನ್ನು ಆರಂಭಿಸಿತು. ಮೂರನೆಯ ದಿನವೇ ಅದರ ಅದೃಷ್ಟ ಖುಲಾಯಿಸಿತು: ಕೆಳಗಿನ ವಿಭಾಗದ ಅಪಲೇಷಿಯನ್ ಸ್ಟೇಟ್ ತಂಡ ಮಿಷಿಗನ್ನನ್ನು ಅದರ ಮನೆಯಂಗಳದಲ್ಲೇ 34-32ರಿಂದ ಮಣಿಸಿದ ಪಂದ್ಯ ಈ ಹೊಸ ವಾಹಿನಿಯಲ್ಲೇ ಇತ್ತು, ಮತ್ತು ವಾಹಿನಿ ಸಿಗದ ಮನೆಗಳವರು ತಮ್ಮ ಕೇಬಲಿನವರನ್ನು ತರಾಟೆಗೆ ತೆಗೆದುಕೊಂಡರು. ಕೇಬಲ್ ಕಾಲದ ಲೆಕ್ಕಾಚಾರ ಸರಳವಾಗಿತ್ತು. ವಾಹಿನಿ ಪ್ಯಾಕೇಜಿನಲ್ಲಿದ್ದರೆ ಆ ಮನೆಯಲ್ಲಿ ಯಾರೂ ಫುಟ್‌ಬಾಲ್ ನೋಡದಿದ್ದರೂ ಪ್ರತಿ ತಿಂಗಳ ಬಿಲ್ಲಿನಲ್ಲಿ ಅದರ ಪಾಲು ಸೇರಿರುತ್ತದೆ. ಕಾನ್ಫರೆನ್ಸಿನ ಸದಸ್ಯ ವಿಶ್ವವಿದ್ಯಾಲಯ ಇರುವ ಸೀಮೆಯಲ್ಲಿ ಆ ಪಾಲಿನ ದರ ಹೆಚ್ಚು. 2014ರಲ್ಲಿ ಮೇರಿಲೆಂಡ್ ಮತ್ತು ರಟ್ಗರ್ಸ್ ಬಿಗ್ ಟೆನ್ ಸೇರಿದ್ದು ಈ ಸೂತ್ರದಿಂದ. ಮೇರಿಲೆಂಡಿನ ಜೊತೆ ವಾಷಿಂಗ್ಟನ್ ಡಿ.ಸಿ., ರಟ್ಗರ್ಸ್ ಜೊತೆ ನ್ಯೂಯಾರ್ಕ್ ಸುತ್ತಲಿನ ಲಕ್ಷಾಂತರ ಮನೆಗಳ ಬಿಲ್ಲು ಬಂತು. ತಂಡ ಗೆಲ್ಲುತ್ತದೋ ಸೋಲುತ್ತದೋ ಎಂಬುದು ಎರಡನೆಯ ಮಾತು.

ಕೇಬಲ್ ಕತ್ತರಿಸಿ ಸ್ಟ್ರೀಮಿಂಗಿಗೆ ಹೋಗುವವರು ಹೆಚ್ಚಿದಂತೆ ಈ ಸೂತ್ರ ಹಳಸಿತು. ನೋಡದವನಿಂದ ಹಣ ವಸೂಲು ಮಾಡಲಾಗದ ಮೇಲೆ ನಿಜವಾಗಿ ನೋಡುವವರನ್ನು ಸೆಳೆಯುವ ಹೆಸರುಗಳು ಬೇಕಾದವು. ನನ್ನ ತಿಳಿವಳಿಕೆಯಲ್ಲಿ, ತಂಡಗಳು ಕಾನ್ಫರೆನ್ಸು ಬದಲಿಸುವ ಈ ಮರುವಿಂಗಡಣೆಯ ಎರಡು ಅಲೆಗಳ ನಡುವಿನ ಅಸಲಿ ವ್ಯತ್ಯಾಸ ಇದು: ಮೊದಲಿನದು ಮನೆಗಳನ್ನು ಕೊಂಡಿತು, ನಂತರದ್ದು ಹೆಸರುಗಳನ್ನು ಕೊಂಡಿತು. 2021ರ ಜುಲೈಯಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ದಕ್ಷಿಣದ ಎಸ್.ಇ.ಸಿ. ಕಾನ್ಫರೆನ್ಸಿಗೆ ಹೋಗುವುದಾಗಿ ಹೇಳಿದವು. ಒಂದು ವರ್ಷ ಮೊದಲೇ ಬಿಡುಗಡೆ ಪಡೆಯಲು ತಾವಿದ್ದ ಬಿಗ್ 12ಕ್ಕೆ ಇಬ್ಬರೂ ಸೇರಿ 10 ಕೋಟಿ ಡಾಲರ್ ತೆರಲು ಒಪ್ಪಿದರು. ಹಿಂದೆ ಸಿ.ಬಿ.ಎಸ್. ವರ್ಷಕ್ಕೆ ಸುಮಾರು 5.5 ಕೋಟಿ ಡಾಲರಿಗೆ ಪಡೆಯುತ್ತಿದ್ದ ಎಸ್.ಇ.ಸಿ. ಪಂದ್ಯಗಳಿಗೆ 2024ರಿಂದ ಇ.ಎಸ್.ಪಿ.ಎನ್. ಸುಮಾರು 30 ಕೋಟಿ ಕೊಡಲು ಒಪ್ಪಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ದಂಡ ಅವರಿಗೆ ಭಾರವೆನಿಸದಿದ್ದುದು ಅರ್ಥವಾಗುತ್ತದೆ. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಯು.ಎಸ್.ಸಿ. ಮತ್ತು ಯು.ಸಿ.ಎಲ್.ಎ. ವಿಶ್ವವಿದ್ಯಾಲಯಗಳು ಪ್ಯಾಕ್-12 ಬಿಟ್ಟು ಬಿಗ್ ಟೆನ್ನಿಗೆ ಹೊರಟವು. ಏಳು ವಾರಗಳ ನಂತರ ಆ 700 ಕೋಟಿಯ ಒಪ್ಪಂದ ಪ್ರಕಟವಾಯಿತು.

ಪ್ಯಾಕ್-12 ಕುಸಿದ ಬಗೆಯನ್ನು ನಾನು ಪುಲ್‌ಮನ್ನಿನ ಹಳೆಯ ವಿದ್ಯಾರ್ಥಿಯಾಗಿ ನಿರ್ಲಿಪ್ತನಾಗಿ ಹೇಳಲಾರೆ, ಆದರೂ ಪ್ರಯತ್ನಿಸುತ್ತೇನೆ. ಅದರ ಮನೆವಾಹಿನಿ 2012ರಲ್ಲಿ ಆರಂಭವಾಯಿತು. ಬಿಗ್ ಟೆನ್ ತನ್ನ ವಾಹಿನಿಯಲ್ಲಿ ಫಾಕ್ಸನ್ನು ಪಾಲುದಾರನನ್ನಾಗಿ ಮಾಡಿಕೊಂಡಿತ್ತು. ಪ್ಯಾಕ್-12 ಪೂರ್ತಿ ಒಡೆತನ ತನ್ನದೇ ಇರಲಿ ಎಂದು ಹಟ ಹಿಡಿಯಿತು. ಡೈರೆಕ್‌ಟಿವಿ ಉಪಗ್ರಹ ಸೇವೆಯಲ್ಲಿ ಅದು ಕೊನೆಯವರೆಗೂ ಬರಲೇ ಇಲ್ಲ. ಮೈದಾನದಲ್ಲಿ ಚೆನ್ನಾಗಿ ಆಡುವ ತಂಡಗಳು, ನೋಡಲು ವಾಹಿನಿಯಿಲ್ಲದ ಅಭಿಮಾನಿಗಳು. 2023ರ ಹಣಕಾಸು ವರ್ಷದಲ್ಲಿ ಬಿಗ್ ಟೆನ್ ತನ್ನ ಪೂರ್ಣ ಪಾಲಿನ ಸದಸ್ಯರಿಗೆ ತಲಾ ಸುಮಾರು 6 ಕೋಟಿ ಡಾಲರ್ ಹಂಚಿದರೆ ಪ್ಯಾಕ್-12 ಹಂಚಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಲಾಸ್ ಏಂಜಲೀಸಿನ ಆ ಎರಡು ತಂಡಗಳು ಕೈಬಿಟ್ಟ ಮೇಲೆ ಹೊಸ ಒಪ್ಪಂದಕ್ಕಾಗಿ ವರ್ಷವಿಡೀ ಅಲೆದ ಕಾನ್ಫರೆನ್ಸಿನ ಮುಂದೆ ಕಡೆಗೆ ಉಳಿದದ್ದು ಆ್ಯಪಲ್ ಕಂಪನಿಯ ಪ್ರಸ್ತಾವ. ಚಂದಾದಾರರು ಎಷ್ಟು ಸೇರುತ್ತಾರೋ ಅದರ ಮೇಲೆ ಹಣ ಏರುವ ಕರಾರು. 2023ರ ಜುಲೈ 27ರಂದು ಕೊಲರಾಡೊ ಎದ್ದುಹೋಯಿತು. ಆಗಸ್ಟ್ 4ರ ಬೆಳಿಗ್ಗೆ ಸಹಿಗಾಗಿ ಕುಳಿತ ಸಭೆ ಮುರಿದುಬಿತ್ತು, ಅದೇ ದಿನ ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ನಿಗೆ, ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಬಿಗ್ 12ಕ್ಕೆ ನಡೆದವು. ನೂರಾ ಎಂಟು ವರ್ಷದ ಮನೆ ಒಂದು ಶುಕ್ರವಾರದಲ್ಲಿ ಖಾಲಿಯಾಯಿತು. ಒರೆಗಾನ್ ಮತ್ತು ವಾಷಿಂಗ್ಟನ್ನಿಗೂ ಪೂರ್ಣ ಪಾಲು ಸಿಗಲಿಲ್ಲ. ವರ್ಷಕ್ಕೆ ಸುಮಾರು 3 ಕೋಟಿಯಿಂದ ಶುರುಮಾಡಿ ನಿಧಾನವಾಗಿ ಏರುವ ಅರ್ಧ ಪಾಲಿಗೆ ಒಪ್ಪಿ ಹೋದರು. ಅರ್ಧ ಪಾಲೂ ಲಾಭವೇ ಎನ್ನಿಸುವಷ್ಟು ಅಂತರ ಬೆಳೆದಿತ್ತು ಎಂದಾಯಿತು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ-ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಎ.ಸಿ.ಸಿ.ಗೆ ಸೇರಿದಾಗ ಮನೆಯಲ್ಲಿ ಉಳಿದವರು ಇಬ್ಬರೇ: ಒರೆಗಾನ್ ಸ್ಟೇಟ್ ಮತ್ತು ನಮ್ಮ ವಾಷಿಂಗ್ಟನ್ ಸ್ಟೇಟ್.

ಎ.ಸಿ.ಸಿ.ಯ ಪಂದ್ಯಗಳನ್ನೂ ನನ್ನ ಪ್ಯಾಕೇಜಿನಲ್ಲಿ ನೋಡಬಹುದಿತ್ತು, ಮತ್ತು ಅಲ್ಲಿ ಕಂಡ ಎರಡು ಸಂಗತಿಗಳು ಹಣದ ಲೆಕ್ಕವನ್ನು ತಲೆಕೆಳಗು ಮಾಡಿದವು. ಡಲಾಸಿನ ಎಸ್.ಎಂ.ಯು. ಒಂಬತ್ತು ವರ್ಷ ಟಿ.ವಿ. ಹಣದ ಪಾಲು ಬೇಡವೆಂದು ಬರೆದುಕೊಟ್ಟು ಒಳಬಂದ ತಂಡ. ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಆ ಕೊರತೆ ತುಂಬಿದರು. ಮೊದಲ ವರ್ಷವೇ ಅದು ಕಾನ್ಫರೆನ್ಸಿನ ಅಂತಿಮ ಪಂದ್ಯಕ್ಕೆ ಬಂದು ಕ್ಲೆಮ್ಸನ್ ವಿರುದ್ಧ 34-31ರಿಂದ ಸೋತು, ಆದರೂ ಹನ್ನೆರಡು ತಂಡಗಳ ರಾಷ್ಟ್ರೀಯ ಪ್ಲೇಆಫ್ ತಲುಪಿತು. ಇನ್ನೊಂದು, ಅಕ್ಟೋಬರ್ 5ರ ರಾತ್ರಿ ಬರ್ಕ್ಲಿಯಲ್ಲಿ ನಡೆದದ್ದು. 35-10ರ ಹಿನ್ನಡೆಯಲ್ಲಿದ್ದ ಮಯಾಮಿ 39-38ರಿಂದ ಗೆದ್ದಿತು. ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಹಿಂದಿನ ವರ್ಷ ಪುಲ್‌ಮನ್ನಿನಲ್ಲಿ ನಮ್ಮ ಅಂಗಿ ತೊಟ್ಟು ಆಡುತ್ತಿದ್ದ ಹುಡುಗ. ಮುಂದಿನ ಏಪ್ರಿಲಿನಲ್ಲಿ ವೃತ್ತಿಪರ ಲೀಗಾದ ಎನ್.ಎಫ್.ಎಲ್.ನ ಆಟಗಾರರ ಆಯ್ಕೆಯಲ್ಲಿ ಮೊದಲನೆಯವನಾಗಿ ಟೆನೆಸಿ ಟೈಟನ್ಸ್ ಸೇರಿದ. ಪಂದ್ಯ ಪಶ್ಚಿಮದ ಗಡಿಯಾರದಲ್ಲಿ ರಾತ್ರಿ ಏಳೂವರೆಗೆ ಶುರುವಾದದ್ದರಿಂದ ಮಯಾಮಿಯ ಅಭಿಮಾನಿಗಳು ಅದನ್ನು ನೋಡಿ ಮಲಗುವಷ್ಟರಲ್ಲಿ ಅಲ್ಲಿ ನಡುರಾತ್ರಿ ಎಂದೋ ಕಳೆದಿತ್ತು.

ಈಗ ನನ್ನ ತಕರಾರುಗಳು. ಪ್ಯಾಕೇಜಿನ ಹೆಸರು ಹೇಳುವುದಿಲ್ಲ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎಂದು ಅನುಭವಿಗಳು ಹೇಳುತ್ತಾರೆ. ನೇರ ಪ್ರಸಾರವೆಂದು ಹೆಸರು, ಆದರೆ ನನ್ನ ಪರದೆ ನಿಜವಾದ ಆಟಕ್ಕಿಂತ ಅರ್ಧ ನಿಮಿಷಕ್ಕೂ ಹಿಂದಿರುತ್ತಿತ್ತು. ಪಕ್ಕದ ಬೀದಿಯ ಗೆಳೆಯರು ಆ್ಯಂಟೆನಾದಲ್ಲಿ ನೋಡುತ್ತಿದ್ದರು. ನಮ್ಮ ಟಿ.ವಿ.ಯಲ್ಲಿ ಚೆಂಡು ಇನ್ನೂ ಗಾಳಿಯಲ್ಲಿರುವಾಗ ಅವರ ಸಂದೇಶ ಫೋನಿಗೆ ಬಂದು ಫಲಿತಾಂಶ ಹೇಳಿಬಿಡುತ್ತಿತ್ತು. ಮೂರನೆಯ ವಾರದಿಂದ ಪಂದ್ಯದ ಹೊತ್ತಿಗೆ ಫೋನನ್ನು ಬೋರಲು ಮಲಗಿಸುವ ಪದ್ಧತಿ ಶುರುವಾಯಿತು. ಡಿಸೆಂಬರಿನಲ್ಲಿ ಚಂದಾ ನಿಲ್ಲಿಸಲು ಹೋದಾಗ, ಸೇರಿಕೊಳ್ಳುವಾಗ ಒಂದೇ ಗುಂಡಿ ಒತ್ತಿದ್ದ ನಾನು, ‘ನಿಲ್ಲಿಸು’ ಎಂಬ ಗುಂಡಿಯನ್ನು ಆರು ಪುಟ ದಾಟಿ ಹುಡುಕಬೇಕಾಯಿತು. ನಡುವೆ ಒಂದು ಪುಟ ನನಗೆ ಅರ್ಧ ಬೆಲೆಗೆ ಎರಡು ತಿಂಗಳು ಕೊಡಲು ಮುಂದಾಯಿತು. ಬಿಡುತ್ತೇನೆಂದು ಹೆದರಿಸಿದವನಿಗೆ ಮಾತ್ರ ರಿಯಾಯಿತಿ ಎಂಬುದು ಕಾನ್ಫರೆನ್ಸುಗಳ ಜಗತ್ತಿಗೂ ಚೆನ್ನಾಗಿ ಒಪ್ಪುವ ನೀತಿ: ಕೋರ್ಟಿಗೆ ಹೋಗಿ ಜಗಳ ಕಾದ ಫ್ಲಾರಿಡ ಸ್ಟೇಟ್ ಮತ್ತು ಕ್ಲೆಮ್ಸನ್ 2025ರ ಮಾರ್ಚಿನಲ್ಲಿ ರಾಜಿಯಾದಾಗ, ಎ.ಸಿ.ಸಿ.ಯ ಟಿ.ವಿ. ಹಣದ ದೊಡ್ಡ ಭಾಗವನ್ನು ವೀಕ್ಷಕರ ಸಂಖ್ಯೆಯ ಆಧಾರದ ಮೇಲೆ ಹಂಚುವ ಪದ್ಧತಿಯೇ ಜಾರಿಗೆ ಬಂತು.

ಪರದೆ ತೋರಿಸದ ಒಂದು ಭಾಗವೂ ಇದೆ. ಫುಟ್‌ಬಾಲ್ ತಂಡ ಒಂದು ಸೀಸನ್ನಿನಲ್ಲಿ ಐದಾರು ಸಲ ಹೊರಗೆ ಹೋಗುತ್ತದೆ, ಅದೂ ಬಾಡಿಗೆ ವಿಮಾನದಲ್ಲಿ. ವಾಲಿಬಾಲ್, ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ವಿದ್ಯಾರ್ಥಿಗಳು ವಾರದ ನಡುವೆ ತರಗತಿ ಬಿಟ್ಟು ಮೂರು ಕಾಲವಲಯ ದಾಟಬೇಕು. ಯು.ಸಿ.ಎಲ್.ಎ.ಯ ಪುರುಷರ ಬ್ಯಾಸ್ಕೆಟ್‌ಬಾಲ್ ಕೋಚ್ ಮಿಕ್ ಕ್ರೋನಿನ್ 2025ರ ಜನವರಿಯಲ್ಲಿ, ಮೂರು ವಾರಗಳಲ್ಲಿ ಎರಡು ಸಲ ಲಿಬರ್ಟಿ ಪ್ರತಿಮೆಯನ್ನು ಕಂಡೆವೆಂದು ಗೊಣಗಿದ್ದು ಸುದ್ದಿಯಾಯಿತು. ಫುಟ್‌ಬಾಲಿನ ಪ್ರಸಾರ ಹಣಕ್ಕಾಗಿ ಕಟ್ಟಿದ ನಕ್ಷೆಯಲ್ಲಿ ಉಳಿದ ಆಟಗಳವರೂ ಓಡಾಡಬೇಕು. ಅದೇ ಯು.ಸಿ.ಎಲ್.ಎ. ಬಿಟ್ಟುಬಂದ ಸೋದರ ಸಂಸ್ಥೆ ಬರ್ಕ್ಲಿಗೆ ವರ್ಷಕ್ಕೆ 1 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2024ರಲ್ಲಿ ವಿಧಿಸಿತು. ವಿಚ್ಛೇದನದ ಜೀವನಾಂಶದ ಹಾಗಿದೆ ಎಂದು ಜನ ಆಡಿಕೊಂಡದ್ದರಲ್ಲಿ ತಪ್ಪಿಲ್ಲ.

ಆಟಗಾರರಿಗೆ ಈ ಹಣದಲ್ಲಿ ಏನೂ ಇಲ್ಲ ಎಂಬ ಹಳೆಯ ದೂರು ಈಗ ಅಷ್ಟು ಸರಿಯಲ್ಲ. 2021ರ ಜುಲೈಯಿಂದ ಅವರು ತಮ್ಮ ಹೆಸರು, ಮುಖ ಬಳಸಲು ಬಿಟ್ಟು ಹಣ ಪಡೆಯಬಹುದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರವಿದೆ, ಹಾಲಿ ಆಟಗಾರರಿಗೆ ಪ್ರತಿ ವಿಶ್ವವಿದ್ಯಾಲಯ 2025-26ರಲ್ಲಿ ಸುಮಾರು 2.05 ಕೋಟಿ ಡಾಲರಿನವರೆಗೆ ನೇರವಾಗಿ ಹಂಚಬಹುದು. ನನ್ನ ಚಂದಾದ ಒಂದೆರಡು ಸೆಂಟಾದರೂ ಆಡಿದವನ ಜೇಬು ಸೇರುತ್ತದೆ ಎಂಬುದು ಈ ಇಡೀ ವ್ಯವಹಾರದಲ್ಲಿ ನನಗೆ ಸಮಾಧಾನ ಕೊಡುವ ಸಂಗತಿ. ಆದರೆ ಆ ಮಿತಿಯವರೆಗೆ ಹಂಚುವ ಶಕ್ತಿ ಯಾರಿಗಿದೆ ಎಂಬುದನ್ನು ಪುನಃ ಟಿ.ವಿ. ಹಣವೇ ತೀರ್ಮಾನಿಸುತ್ತದೆ.

ಮತ್ತೆ ಆ ಸೆಪ್ಟೆಂಬರಿನ ಮಧ್ಯಾಹ್ನಕ್ಕೆ ಬರುತ್ತೇನೆ. ಗೋಡೆಯ ಮೇಲೆ ಒರೆಗಾನ್, ಒರೆಗಾನ್ ಸ್ಟೇಟಿನ ಊರಾದ ಕಾರ್ವಾಲಿಸಿನಲ್ಲಿ 49-14ರಿಂದ ನಿರಾತಂಕವಾಗಿ ಗೆದ್ದುಕೊಂಡಿತು, ನಾವು ಅದರ ಧ್ವನಿ ಮುಚ್ಚಿ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡಿದ್ದೆವು. ಸಿಯಾಟಲಿನ ಲೂಮೆನ್ ಫೀಲ್ಡಿನಲ್ಲಿ ವಾಷಿಂಗ್ಟನ್ ಸ್ಟೇಟ್ 24-19ರಿಂದ ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ವಾಷಿಂಗ್ಟನ್ ಗೋಲು ಗೆರೆಯ ಹೊಸ್ತಿಲಲ್ಲಿ ನಾಲ್ಕನೆಯ, ಕಡೆಯ ಪ್ರಯತ್ನಕ್ಕೆ ನಿಂತಿತ್ತು. ಕ್ವಾರ್ಟರ್‌ಬ್ಯಾಕ್ ಅಂಚಿನ ಕಡೆ ಓಡಿ ಚೆಂಡನ್ನು ಪಕ್ಕಕ್ಕೆ ಎಸೆದ, ಹಿಡಿದವನನ್ನು ನಮ್ಮ ಹುಡುಗ ಗೆರೆಯ ಹೊರಗೇ ಕೆಡವಿದ. ನಾನು ಕೂಗಿದ್ದು ಕೇಳಿ ಮಹಡಿಯಿಂದ ಮಗ ಓಡಿ ಬಂದ. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು, ಅರ್ಧ ಗಂಟೆ ಮಾತಿಲ್ಲ. 700 ಕೋಟಿಯ ಒಪ್ಪಂದದ ಕೂಟಕ್ಕೆ ಸೇರದ ತಂಡವೊಂದು, ಕೂಟದ ಅಂಕಪಟ್ಟಿಗೆ ಲೆಕ್ಕಕ್ಕೇ ಬಾರದ ಪಂದ್ಯವೊಂದರಲ್ಲಿ ಗೆದ್ದಿತ್ತು. ನಾಲ್ಕು ತಿಂಗಳ ಚಂದಾದಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಕೂಗಿದ್ದು, ಯಾರಾದರೂ ಮಾತು ಬಿಟ್ಟಿದ್ದು ಆ ಒಂದೇ ಸಲ.

ಆ ಪಂದ್ಯದಲ್ಲಿ ಮಿಂಚಿದ್ದ ನಮ್ಮ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಡಿಸೆಂಬರಿನಲ್ಲಿ ಒಕ್ಲಹೋಮ ಸೇರಿದ, ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟಿಗೆ ಹೋದರು. 2025ರ ಸೆಪ್ಟೆಂಬರ್ 20ರಂದು ಆ್ಯಪಲ್ ಕಪ್ ಪುಲ್‌ಮನ್ನಿನಲ್ಲೇ ನಡೆಯಿತು. ವಾಷಿಂಗ್ಟನ್ 59-24ರಿಂದ ಗೆದ್ದಿತು. ಈ ಸಲ ಅಡುಗೆಮನೆಗೆ ಹೋದವನು ನಾನು, ಆದರೆ ಹೆಂಡತಿಗೂ ಅಂಥ ಉತ್ಸಾಹವೇನೂ ಕಾಣಲಿಲ್ಲ. ಮೂರನೆಯ ಕ್ವಾರ್ಟರಿನ ನಂತರ ಅವಳು ಬಟ್ಟೆ ಮಡಚುತ್ತ ಕುಳಿತಿದ್ದಳು. ಈ ಪಂದ್ಯದ ಒಪ್ಪಂದ 2028ರವರೆಗೆ ಇದೆ.

ಕೊಳ್ಳಬೇಕೆಂದಿರುವವರಿಗೆ ಬೆಲೆಯ ವಿಷಯ. 2025ರ ಆಗಸ್ಟ್ 21ರಂದು ಇ.ಎಸ್.ಪಿ.ಎನ್. ತನ್ನ ಎಲ್ಲ ವಾಹಿನಿಗಳ ನೇರ ಚಂದಾವನ್ನು ತಿಂಗಳಿಗೆ 29.99 ಡಾಲರಿಗೆ, ಫಾಕ್ಸ್ ತನ್ನದನ್ನು 19.99ಕ್ಕೆ ಒಂದೇ ದಿನ ಆರಂಭಿಸಿದವು. ಎರಡನ್ನೂ ಸೇರಿಸಿದ ಕಟ್ಟು ಆ ವರ್ಷ 39.99 ಇತ್ತು. ಪೀಕಾಕ್ ಆ ಜುಲೈಯಿಂದ 10.99 ಆಯಿತು. ಬಿಗ್ ಟೆನ್ನನ್ನು ಮಾತ್ರ ನೋಡುವವರಿಗೆ ಇ.ಎಸ್.ಪಿ.ಎನ್. ಬೇಕಿಲ್ಲ, ಅದು 2022ರ ಒಪ್ಪಂದದಲ್ಲಿ ಹೊರಗುಳಿದ ಸಂಸ್ಥೆ. ಫಾಕ್ಸಿನ ಚಂದಾದಲ್ಲೇ ಬಿಗ್ ಟೆನ್ ವಾಹಿನಿಯೂ ಬರುತ್ತದೆ. ಎಸ್.ಇ.ಸಿ. ಮತ್ತು ಪ್ಲೇಆಫ್ ಬೇಕೆಂದರೆ ಇ.ಎಸ್.ಪಿ.ಎನ್. ತಪ್ಪಿಸಿಕೊಳ್ಳಲು ಆಗದು, ಪ್ಲೇಆಫಿನ ಹಕ್ಕಿಗೆ ಅದು ಆರು ವರ್ಷಕ್ಕೆ 780 ಕೋಟಿ ಡಾಲರ್ ಕೊಟ್ಟಿದೆ. ಇಡೀ ವರ್ಷದ ಪ್ಯಾಕೇಜನ್ನು ಮಾತ್ರ ಯಾರೂ ಕೊಳ್ಳಬಾರದೆಂದು ನನ್ನ ಸಲಹೆ. ಫೆಬ್ರವರಿಯಿಂದ ಆಗಸ್ಟಿನವರೆಗೆ ನೀವು ನೋಡದ ಆಟಕ್ಕೆ ಹಣ ಕಟ್ಟುತ್ತ, ಆ ಹಳೆಯ ಕೇಬಲ್ ಗಿರಾಕಿಯ ಸ್ಥಾನಕ್ಕೇ ಮರಳುತ್ತೀರಿ.

ಇದೆಲ್ಲದರ ನಡುವೆ ನಾನು ತಡವಾಗಿ ಕಂಡುಕೊಂಡದ್ದು ಬೇರೊಂದಿದೆ. ಮೇಲೆ ಹೇಳಿದ ಅಕ್ಟೋಬರ್ 12ರ ಮೂರು ಪಂದ್ಯಗಳೂ ಪ್ರಸಾರವಾದ ಫಾಕ್ಸ್, ಸಿ.ಬಿ.ಎಸ್., ಎನ್.ಬಿ.ಸಿ. ವಾಹಿನಿಗಳು ಇಂದಿಗೂ ಗಾಳಿಯಲ್ಲಿ ಪುಕ್ಕಟೆಯಾಗಿ ಬರುತ್ತವೆ. 2025ರ ಅಕ್ಟೋಬರಿನಲ್ಲಿ ನಾನೂ ಒಂದು ಚಪ್ಪಟೆ ಆ್ಯಂಟೆನಾ ತಂದು ಬೀದಿಯ ಕಡೆಯ ಕಿಟಕಿಗೆ ಅಂಟಿಸಿದೆ. ಬೆಲೆ ಒಂದು ತಿಂಗಳ ಪ್ಯಾಕೇಜಿನ ಅರ್ಧಕ್ಕೂ ಕಡಿಮೆ. ಚಿತ್ರ ಸ್ಟ್ರೀಮಿಂಗಿಗಿಂತ ಸ್ಪಷ್ಟವಾಗಿದೆ, ತಡವೂ ಇಲ್ಲ. ದೊಡ್ಡ ಬಸ್ಸು ಬೀದಿಯಲ್ಲಿ ಹೋದಾಗ ಮಾತ್ರ ಎನ್.ಬಿ.ಸಿ. ಒಂದು ಗಳಿಗೆ ಚೌಕ ಚೌಕವಾಗಿ ಒಡೆಯುತ್ತದೆ. ಆಟ್ಜನ್ನಿನ ಆ ಹನ್ನೆರಡನೆಯ ಆಟಗಾರನನ್ನು ಎಣಿಸಲು ಇದರಲ್ಲಿ ಆಗುತ್ತಿತ್ತೇ ಎಂದು ಹೆಂಡತಿ ಕೇಳಿದಳು. ಬಸ್ಸು ಬಾರದಿದ್ದರೆ ಆಗುತ್ತಿತ್ತು ಎಂದೆ. ಮುಂದಿನ ಸೀಸನ್ನಿಗೆ ಪ್ಯಾಕೇಜು ತೆಗೆದುಹಾಕಿದ್ದೇನೆ. ಆ್ಯಪಲ್ ಕಪ್ ಯಾವ ಪರದೆಗೆ ಹೋಗುತ್ತದೆ ಎಂಬುದನ್ನು ನೋಡಿಕೊಂಡು, ಬೇಕಾದರೆ ಆ ಒಂದು ತಿಂಗಳು ಯಾವುದಾದರೊಂದು ಚಂದಾ ಕಟ್ಟುವುದೆಂದು ಇಬ್ಬರೂ ಒಪ್ಪಿದ್ದೇವೆ. ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳುವವರಿಗೆ: ಬಿಗ್ ಟೆನ್ ಸೀಸನ್ನಿಗೆ ಮೂರು, ಕಿಟಕಿಯ ಆ್ಯಂಟೆನಾಕ್ಕೆ ನಾಲ್ಕೂವರೆ, ಬಸ್ಸಿನ ಕಾರಣಕ್ಕೆ ಅರ್ಧ ಕಳೆದು.